ಯಾರ ಓಣಿಯಲ್ಲಿ ಮನೆ ಮಾಡಬೇಕು?

ಬೀದರ್ ಜಿಲ್ಲೆಯಲ್ಲಿ ಉಣ್ಣಿಸುವವರಿಗೆ ಬರವಿಲ್ಲ. ನಾನಕ ಝೀರಾ ಗುರುದ್ವಾರಕ್ಕೆ ಹೋದರೆ ಲಂಗರಿನಲ್ಲಿ ತಟ್ಟೆ ಸಿಗುತ್ತದೆ. ತಲೆಗೊಂದು ವಸ್ತ್ರ ಕಟ್ಟಿಕೊಂಡು ಸಾಲಿನಲ್ಲಿ ಕೂತರೆ ಸಾಕು, ನೀನು ಯಾರು ಎಂದು ಕೇಳುವವರಿಲ್ಲ. ಭಾಲ್ಕಿ ಹಿರೇಮಠದ ದಾಸೋಹದಲ್ಲೂ ಹಾಗೆಯೇ. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಔರಾದ ಕಡೆ ದಾರಿಯಲ್ಲಿ ಹೋಗುವ ಗುರುತಿಲ್ಲದವನನ್ನೂ ಹೊಲಕ್ಕೆ ಕರೆದು ಭಜ್ಜಿ, ರೊಟ್ಟಿ, ಅಂಬಲಿ ಹಾಕದೆ ಬಿಡುವುದಿಲ್ಲ. ಅಷ್ಟೂರಿನಲ್ಲಿ ಸುಲ್ತಾನ್ ಅಹ್ಮದ್ ಶಾ ವಲಿಯ ಉರುಸಿಗೆ ಕಲಬುರಗಿ ಕಡೆಯ ಮಾಡಿಯಾಳದಿಂದ ಜಂಗಮರು ಪರಿವಾರ ಕಟ್ಟಿಕೊಂಡು ಬರುತ್ತಾರೆ, ಗೋರಿಯ ಎದುರು ಶಂಖ ಮೊಳಗುತ್ತದೆ; ಆ ಸುಲ್ತಾನನನ್ನು ಅಲ್ಲಮಪ್ರಭುವಿನ ಅವತಾರವೆಂದೇ ನಂಬುವ ಭಕ್ತರಿದ್ದಾರೆ. ಹೊರಗಿನಿಂದ ಬಂದ ಪತ್ರಕರ್ತರು ಇದನ್ನೆಲ್ಲ ನೋಡಿ ಸೌಹಾರ್ದದ ಊರು ಎಂದು ಬರೆದು ಹೋಗುತ್ತಾರೆ. ಸುಳ್ಳೇನಲ್ಲ.

ಆದರೆ ಇದೇ ಊರಿನಲ್ಲಿ ಒಂದು ಖೋಲಿ ಬಾಡಿಗೆಗೆ ಕೇಳಿ ನೋಡಿ. ಮೊದಲು ಹೆಸರು ಕೇಳುತ್ತಾರೆ, ಹೆಸರಿನಲ್ಲಿ ಗೊತ್ತಾಗದಿದ್ದರೆ ಅಡ್ಡಹೆಸರು, ಅದರಲ್ಲೂ ತಿಳಿಯದಿದ್ದರೆ 'ಊಟ ಹ್ಯಾಂಗ್ರಿ ನಿಮ್ದು?' ಎನ್ನುತ್ತಾರೆ. ಉಣ್ಣಲು ಕೂತವನಿಗೆ ಕೇಳದ ಜಾತಿಯನ್ನು ಇರಲು ಬಂದವನಿಗೆ ಕೇಳುತ್ತೇವೆ. ಒಂದು ಹೊತ್ತು, ಒಂದು ದಿನ ಎಂದರೆ ನಮ್ಮ ಧರ್ಮ ಬಹಳ ದೊಡ್ಡದು. ಒಂದು ವರ್ಷ ಎಂದಾಗ ಮಾತ್ರ ಅದು ಮಾಳಿಗೆಯ ಮೆಟ್ಟಿಲ ಹತ್ತಿರ ನಿಂತು ಗಂಟಲು ಸರಿಮಾಡಿಕೊಳ್ಳುತ್ತದೆ.

ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಸೇವೆ ಎಂದರೆ ಏನು ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಹತ್ತು ಅಂಕ ಇಡುತ್ತಿದ್ದೆವು. ಹುಡುಗರು ಎರಡು ಪುಟ ತುಂಬಿಸುತ್ತಿದ್ದರು. ಸೇವೆ ಮಾಡುವವನು ಎಲ್ಲಿ ಮಲಗಬೇಕು ಎಂಬ ಪ್ರಶ್ನೆ ಮಾತ್ರ ಯಾವ ಪಠ್ಯದಲ್ಲೂ ಇರಲಿಲ್ಲ. ಅದನ್ನು ನನ್ನ ತಲೆಗೆ ಹಾಕಿದವನು ಔರಾದ ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿ. ಈಗ ಶಿಕಾಗೋದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಒಂದು ಶುಕ್ರವಾರ ಸಂಜೆ ಅವನನ್ನು ಯಾರೋ ಯಹೂದಿ ತರುಣರ ಮನೆಗೆ ಊಟಕ್ಕೆ ಕರೆದರಂತೆ. ಬೀದರಿನಲ್ಲಿ ನಾನು ಒಬ್ಬ ಯಹೂದಿಯನ್ನೂ ಕಂಡವನಲ್ಲ, ಆದ್ದರಿಂದ ಫೋನಿನಲ್ಲಿ ಅವನು ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳಿದೆ.

ಅಮೆರಿಕದಲ್ಲಿ ಅವೋಡಾ ಎಂಬ ಯಹೂದಿ ಸೇವಾ ಸಂಸ್ಥೆಯಿದೆ. 1998ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಗಿ ಮುಂದೆ ವಾಷಿಂಗ್ಟನ್, ಶಿಕಾಗೋ, ನ್ಯೂ ಆರ್ಲಿಯನ್ಸ್‌ಗಳಿಗೂ ಹಬ್ಬಿತು. ಇಪ್ಪತ್ತರ ಹರೆಯದ ಹುಡುಗ ಹುಡುಗಿಯರು ಒಂದು ವರ್ಷ ಒಂದೇ ಮನೆಯಲ್ಲಿ ಇರುತ್ತಾರೆ. ಹಗಲು ಬಡವರಿಗೆ ಕಾನೂನು ನೆರವು, ವಸತಿ, ಆರೋಗ್ಯ ಒದಗಿಸುವ ಬೇರೆ ಬೇರೆ ಸಂಸ್ಥೆಗಳಲ್ಲಿ ದುಡಿಯುತ್ತಾರೆ. ರಾತ್ರಿ ಒಟ್ಟಿಗೆ ಅಡುಗೆ, ಒಟ್ಟಿಗೆ ಓದು. ನನ್ನ ವಿದ್ಯಾರ್ಥಿ ಹೋಗಿದ್ದು ಇಂಥದೇ ಮಾದರಿಯ ಒಂದು ಮನೆಗೆ. ಓಣಿಯಲ್ಲಿ ಕರಿಯರು, ಮೆಕ್ಸಿಕೋದಿಂದ ಬಂದವರು, ಅರಬರು ಎಲ್ಲ ಇದ್ದರಂತೆ. ಮೇಜಿನ ಮೇಲೆ ಎರಡು ಮೇಣದ ಬತ್ತಿ, ಬಟ್ಟೆ ಮುಚ್ಚಿದ ರೊಟ್ಟಿ. ಹೊತ್ತು ಮುಳುಗುವ ಮೊದಲು ಬತ್ತಿ ಹಚ್ಚಿದರು. ಆಮೇಲೆ ಒಬ್ಬ ಹುಡುಗ ವಿದ್ಯುತ್ ಗುಂಡಿ ಮುಟ್ಟಲಿಲ್ಲ, ಶನಿವಾರ ಸಂಜೆಯವರೆಗೂ ಮುಟ್ಟುವುದಿಲ್ಲವಂತೆ. ಅವನ ಪಕ್ಕದ ಹುಡುಗಿ ಆರಾಮಾಗಿ ಫೋನ್ ನೋಡುತ್ತಿದ್ದಳು. ಇಬ್ಬರೂ ಯಹೂದಿಗಳೇ.

ಅವನಿಗೆ ಸೋಜಿಗ ಹುಟ್ಟಿಸಿದ್ದು ಅಡುಗೆಮನೆ. ಯಹೂದಿ ಕಟ್ಟಳೆಯಲ್ಲಿ ಹಾಲು ಮತ್ತು ಮಾಂಸ ಒಂದಕ್ಕೊಂದು ತಾಗಕೂಡದು. ಪಾತ್ರೆ, ಸೌಟು, ತಟ್ಟೆ ಎಲ್ಲ ಬೇರೆ. ಸೌಟುಗಳಿಗೆ ಎರಡು ಬಣ್ಣದ ಟೇಪು ಸುತ್ತಿದ್ದರು. ಮನೆಯಲ್ಲಿ ಅರ್ಧಕ್ಕರ್ಧ ಜನ ಈ ಕಟ್ಟಳೆ ಪಾಲಿಸುವವರೇ ಅಲ್ಲ. ಹಾಗಿದ್ದರೆ ಟೇಪು ಯಾಕೆ? ಮನೆ ಸೇರಿದ ಹೊಸದರಲ್ಲಿ ಕೂತು ವಾದ ಮಾಡಿದರಂತೆ: ಹೆಚ್ಚು ಜನಕ್ಕೆ ಅನುಕೂಲವಾಗುವಂತೆ ಅಡುಗೆಮನೆ ನಡೆಸಬೇಕೋ, ಅತಿ ಕಟ್ಟುನಿಟ್ಟಿನವನೂ ಪಂಕ್ತಿಗೆ ಬರುವಂತೆ ನಡೆಸಬೇಕೋ? ವಾದ ಬಹಳ ದಿನ ನಡೆಯಿತು. ಕಡೆಗೆ ಎರಡನೆಯದು ಗೆದ್ದಿತು. 'ಸರ್, ಇದು ನಮ್ಮ ಕಡೆ ಆಗಿದ್ರ ಎರಡು ಮನಿ ಆಗ್ತಿದ್ದವು' ಎಂದ ಹುಡುಗ. ಅದು ನಿಜ.

ಯಹೂದಿ ಧರ್ಮದಲ್ಲಿ ಇನ್ನೊಂದು ಸಂಗತಿಯಿದೆ. ಕೆಲವು ಪ್ರಾರ್ಥನೆಗಳನ್ನು ಒಬ್ಬನೇ ಹೇಳುವಂತಿಲ್ಲ, ಹತ್ತು ಜನ ಸೇರಲೇಬೇಕು. ಒಂಬತ್ತು ಮಂದಿ ಮಹಾತ್ಮರಿದ್ದರೂ ನಡೆಯದು. ಹತ್ತನೆಯವನು ಊರ ಉಡಾಳನಾದರೂ ನಡೆದೀತು. ನಮ್ಮ ಪಕ್ಕದ ಬಸವಕಲ್ಯಾಣದ ಅನುಭವ ಮಂಟಪದ ಕಲ್ಪನೆಯೂ ಇದಕ್ಕೆ ತೀರಾ ದೂರದ್ದಲ್ಲ. ಅನುಭಾವ ಒಬ್ಬನದೇ, ಆದರೆ ಅದು ಒರೆಗೆ ಬೀಳುವುದು ಗೋಷ್ಠಿಯಲ್ಲಿ. ಗುಹೆಯಲ್ಲಿ ಕೂತವನಿಗೆ ಸಿಟ್ಟು ಬರಿಸುವವರು ಯಾರು?

ಸೇವೆಗೆ ಹೋಗುವವರು ಬಡವರ ಓಣಿಯಲ್ಲೇ ಮನೆ ಮಾಡಬೇಕು ಎಂಬುದು ಪಶ್ಚಿಮದಲ್ಲಿ ಹಳೆಯ ವಿಚಾರ. 1884ರಲ್ಲಿ ಲಂಡನ್ನಿನ ಟಾಯ್ನ್‌ಬಿ ಹಾಲ್, 1889ರಲ್ಲಿ ಶಿಕಾಗೋದಲ್ಲಿ ಜೇನ್ ಆಡಮ್ಸ್ ತೆರೆದ ಹಲ್ ಹೌಸ್. ನನಗೆ ಹೆಚ್ಚು ಹಿಡಿಸುವುದು ಲಿಲಿಯನ್ ವಾಲ್ಡ್ ಕಥೆ. ಯಹೂದಿ ಮನೆತನದ ನರ್ಸು, ಅನುಕೂಲಸ್ಥರ ಮಗಳು. 1893ರಲ್ಲಿ ನ್ಯೂಯಾರ್ಕಿನ ಬಡ ವಲಸಿಗರ ಕೇರಿಯಲ್ಲಿ ಹೆಂಗಸರಿಗೆ ಮನೆಯ ಶುಶ್ರೂಷೆಯ ಪಾಠ ಹೇಳುತ್ತಿದ್ದಾಗ ಒಂದು ಪುಟ್ಟ ಮಗು ಬಂದು ಅವಳನ್ನು ಕರೆದೊಯ್ಯಿತು. ಮುರುಕು ಮೆಟ್ಟಿಲು ಹತ್ತಿ ಹೋದರೆ ಹೆತ್ತ ತಾಯಿ ರಕ್ತದ ಮಡುವಿನಲ್ಲಿ ಬಿದ್ದಿದ್ದಳು. ಪಾಠ ಅಲ್ಲಿಗೆ ಮುಗಿಯಿತು. ವಾಲ್ಡ್ ಗೆಳತಿಯೊಬ್ಬಳ ಜೊತೆ ಅದೇ ಕೇರಿಗೆ ಬಂದು ಮೇಲಂತಸ್ತಿನ ಖೋಲಿ ಹಿಡಿದಳು. ಮುಂದೆ ಹೆನ್ರಿ ಬೀದಿಯಲ್ಲಿ ಜೇಕಬ್ ಶಿಫ್ ಎಂಬ ಧರ್ಮಿಷ್ಠ ಯಹೂದಿ ಸಾಹುಕಾರ ಮನೆ ಕೊಂಡುಕೊಟ್ಟ. ಅವಳ ನರ್ಸುಗಳು ಯಾರ ಮನೆಗೆ ಬೇಕಾದರೂ ಹೋಗುತ್ತಿದ್ದರು, ಯಹೂದಿ, ಇಟಾಲಿಯನ್, ಐರಿಷ್ ಎನ್ನದೆ. ಆ ಮನೆಯಿಂದ ಬೆಳೆದ ಸಂಸ್ಥೆ ಇಂದಿಗೂ ಇದೆ.

ತತ್ವಶಾಸ್ತ್ರದವನಿಗೆ ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಯಹೂದಿಗಳ ದೊಡ್ಡ ಆಚಾರ್ಯ ಮೈಮೊನಿಡಿಸ್, ಹನ್ನೆರಡನೆಯ ಶತಮಾನದವನು, ಅಂದರೆ ನಮ್ಮ ಬಸವಣ್ಣನ ಕಾಲದವನೇ. ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿ ಕೈರೋದಲ್ಲಿ ವೈದ್ಯನಾಗಿದ್ದ. ಅವನು ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಮನಸ್ಸಿಲ್ಲದೆ ಕೊಡುವುದು ಕೆಳಗಿನದು. ಮೇಲಿನಿಂದ ಎರಡನೆಯ ಮೆಟ್ಟಿಲು, ಕೊಟ್ಟವನಿಗೆ ಪಡೆದವನು ಗೊತ್ತಿಲ್ಲದ, ಪಡೆದವನಿಗೆ ಕೊಟ್ಟವನು ಗೊತ್ತಿಲ್ಲದ ದಾನ. ಪಡೆಯುವವನ ಮುಖ ಬಾಗಬಾರದು ಎಂಬ ಕಾಳಜಿ ಅದು. ನಮ್ಮ ಬೀದರಿನಲ್ಲೂ ಇದರ ನೆನಪಿದೆ: ಬಹಮನಿ ವಜೀರ ಮಹಮೂದ್ ಗಾವಾನ್ ರಾತ್ರಿ ಹೊತ್ತು ವೇಷ ಮರೆಸಿಕೊಂಡು ಓಣಿ ಓಣಿ ತಿರುಗಿ ಹಣ ಹಂಚುತ್ತಿದ್ದ, ಸುಲ್ತಾನರು ಕೊಟ್ಟದ್ದು ಎಂದು ಹೇಳುತ್ತಿದ್ದ ಎನ್ನುತ್ತಾರೆ. ಹೀಗೆ ನೋಡಿದರೆ ನೆರೆಹೊರೆಯಲ್ಲಿ ಮನೆ ಮಾಡಿ ಸೇವೆಗೆ ನಿಲ್ಲುವುದು ಕೆಳಗಿನ ಮೆಟ್ಟಿಲಾಯಿತು. ಪಕ್ಕದ ಮನೆಯವನಿಗೆ ಮುಖ ಮರೆಸುವುದು ಹೇಗೆ?

ಆದರೆ ಎಲ್ಲಕ್ಕೂ ಮೇಲಿನ ಮೆಟ್ಟಿಲಿನಲ್ಲಿ ಮೈಮೊನಿಡಿಸ್ ಇಟ್ಟದ್ದು ಬೇರೆಯದನ್ನು. ಬಿದ್ದವನಿಗೆ ಸಾಲ ಕೊಡು, ಕೆಲಸ ಹುಡುಕಿಕೊಡು, ಇಲ್ಲವೆ ಅವನ ಜೊತೆ ಪಾಲುದಾರನಾಗು, ಮತ್ತೆ ಕೈ ಚಾಚದ ಹಾಗೆ ಮಾಡು ಎಂದ. ಗುರುತಿಲ್ಲದವನ ಜೊತೆ ಪಾಲುದಾರಿಕೆ ಸಾಧ್ಯವಿಲ್ಲ. ಅವನ ಹೆಂಡತಿಯ ಕಾಯಿಲೆ, ಅಣ್ಣನ ಕುಡಿತ, ಮಳೆ ಬಂದರೆ ಸೋರುವ ತಗಡು ಎಲ್ಲ ಗೊತ್ತಿರಬೇಕು. ಅವನಿಗೂ ನಿನ್ನ ದೌರ್ಬಲ್ಯ ಗೊತ್ತಿರಬೇಕು. ಆ ಕಡೆಯ ಮೆಟ್ಟಿಲಿಗೆ ಹೋಗುವ ದಾರಿ ನೆರೆಮನೆಯ ಮೂಲಕವೇ ಇದೆ ಎಂದು ನಾನು ಓದಿಕೊಂಡಿದ್ದೇನೆ. ಪಂಡಿತರು ಒಪ್ಪದಿದ್ದರೆ ಜಗಳಕ್ಕೆ ಸಿದ್ಧ.

ಈ ನಾಡಿಗೆ ಒಟ್ಟು ಬಾಳುವೆ ಹೊಸದಲ್ಲ. ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಗುರುಗಳೂ ಶಿಷ್ಯರೂ ಒಂದೇ ಕಟ್ಟಡದಲ್ಲಿ ಇದ್ದರು. ಅರ್ಧ ಕುಸಿದ ಆ ಕಟ್ಟಡದ ಸಣ್ಣ ಸಣ್ಣ ಕೋಣೆಗಳಲ್ಲಿ ಈಗಲೂ ತಲೆ ಹಾಕಿ ನೋಡಬಹುದು. ಹಳೆಯ ಬೀದರಿನ ಓಣಿಗಳಿಗೆ ಸಿದ್ದಿ ತಾಲೀಮ್, ನೂರ್ ಖಾನ್ ತಾಲೀಮ್ ಎಂಬ ಹೆಸರು ಬಂದದ್ದೇ ತರುಣರು ಕೂಡಿ ಕಸರತ್ತು ಮಾಡುತ್ತಿದ್ದ ಗರಡಿಗಳಿಂದ. ಇನ್ನು ಭಾಲ್ಕಿ. ಕಮಲನಗರದಲ್ಲಿ ಹುಟ್ಟಿ, ನೂರು ದಾಟಿ ಬದುಕಿ, 1999ರಲ್ಲಿ ಲಿಂಗೈಕ್ಯರಾದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಬಾಗಿಲಿಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ನಾನು ನೆನೆಯುವುದು ಅವರ ಪ್ರಸಾದ ನಿಲಯವನ್ನು. ಜೋಳಿಗೆ ಹಿಡಿದು ಊರೂರು ತಿರುಗಿ ಜೋಳ ತಂದು ಬಡ ಹುಡುಗರನ್ನು ಸಾಕಿದರು. ಅಲ್ಲಿ ಓದಿದ ನನ್ನ ದೊಡ್ಡಪ್ಪ ಮುಪ್ಪಿನಲ್ಲಿ ಪಾಠವೆಲ್ಲ ಮರೆತಿದ್ದರೂ ಪಂಕ್ತಿಯಲ್ಲಿ ಎಡಕ್ಕೆ ಯಾರು, ಬಲಕ್ಕೆ ಯಾರು ಕೂಡುತ್ತಿದ್ದರು ಎಂದು ಊರು ಸಮೇತ ಹೇಳುತ್ತಿದ್ದರು. ಆ ಪಂಕ್ತಿಯಲ್ಲಿದ್ದ ಎಷ್ಟೋ ಜಾತಿಯವರ ಪಕ್ಕ ಆಗ ಅವರ ಮನೆಯವರು ಕೂಡುತ್ತಿರಲಿಲ್ಲ.

ಆಮೇಲೆ ನಾವು ಏನು ಮಾಡಿದೆವು? ವಸತಿ ನಿಲಯಗಳನ್ನು ಹೆಚ್ಚಿಸಿದೆವು, ಒಳಗಿನ ಬೆರಕೆಯನ್ನು ಕಡಿಮೆ ಮಾಡಿದೆವು. ಸಮಾಜ ಕಲ್ಯಾಣ ಇಲಾಖೆಯದು ಒಂದು, ಹಿಂದುಳಿದ ವರ್ಗಗಳದು ಒಂದು, ಅಲ್ಪಸಂಖ್ಯಾತರದು ಒಂದು, ಸಮಾಜಗಳವರು ಕಟ್ಟಿಸಿದ್ದು ಹತ್ತಾರು. ಆ ನಿಲಯಗಳಿಲ್ಲದಿದ್ದರೆ ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಹತ್ತನೆಯ ತರಗತಿ ದಾಟುತ್ತಿರಲಿಲ್ಲ, ಅದನ್ನು ಮರೆಯಲಾರೆ. ಆದರೂ ಒಂದೇ ಕಾಲೇಜಿನ ಹುಡುಗರು ಸಂಜೆ ಐದಕ್ಕೆ ನಾಲ್ಕು ದಿಕ್ಕಿಗೆ ಹೋಗುವುದನ್ನು ಗೇಟಿನಲ್ಲಿ ನಿಂತು ನೋಡಿದವನಿಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಅಕ್ಕಪಕ್ಕ ಇದ್ದ ಮಾತ್ರಕ್ಕೆ ಒಟ್ಟಿಗೆ ಇದ್ದ ಹಾಗಲ್ಲ. 1699ರಲ್ಲಿ ಗುರು ಗೋವಿಂದ ಸಿಂಗರು ಆರಿಸಿದ ಐವರು ಪ್ಯಾರೆಗಳಲ್ಲಿ ಒಬ್ಬ ಭಾಯಿ ಸಾಹಿಬ್ ಸಿಂಗ್ ಬೀದರಿನ ಕ್ಷೌರಿಕ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಅದೇ ಬೀದರಿನಲ್ಲಿ 1988ರ ಸೆಪ್ಟೆಂಬರಿನಲ್ಲಿ ಓದಲು ಬಂದಿದ್ದ ಸಿಖ್ ಹುಡುಗರ ಮೇಲೆ ಗುಂಪುಗಳು ಬಿದ್ದವು, ಹಲವರು ಸತ್ತರು. ಅವರು ಊರಿನೊಳಗೆ ಬಾಡಿಗೆಗೆ ಇದ್ದವರು, ನಮ್ಮ ಅಂಗಡಿಗಳಲ್ಲೇ ಹಾಲು ಕೊಂಡವರು. ಲಂಗರಿನಲ್ಲಿ ನಾವು ಉಂಡದ್ದು ಆ ದಿನ ಅವರನ್ನು ಕಾಯಲಿಲ್ಲ. ಕೆಲವು ಮನೆಗಳವರು ಬಚ್ಚಿಟ್ಟು ಉಳಿಸಿದರು ಎಂದು ಹಿರಿಯರು ಹೇಳುತ್ತಾರೆ. ಉಳಿಸಿದವರು ಹುಡುಗರನ್ನು ಹೆಸರು ಹಿಡಿದು ಬಲ್ಲವರು.

ಹಾಗಾದರೆ ಎಲ್ಲರನ್ನೂ ಕೂಡಿಸಿ ಇಡುವ ವ್ಯವಸ್ಥೆ ನಮ್ಮಲ್ಲಿ ಇಲ್ಲವೆ? ಇದೆ. ರಾಷ್ಟ್ರೀಯ ಸೇವಾ ಯೋಜನೆ, ಎನ್ನೆಸ್ಸೆಸ್. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು ಆರಂಭವಾದದ್ದು. ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ದುಡಿಯಬೇಕು, ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನದ ಶಿಬಿರ. ಅಂಥ ಶಿಬಿರಗಳ ಉಸ್ತುವಾರಿ ನನ್ನ ಪಾಲಿಗೂ ಬಂದಿತ್ತು. ಔರಾದ ತಾಲ್ಲೂಕಿನ ಗಡಿಯ ಕಡೆ ಒಂದು ಹಳ್ಳಿ, ಅರ್ಧ ಮರಾಠಿ ಅರ್ಧ ಕನ್ನಡ. ಶಾಲೆಯ ಬೆಂಚುಗಳನ್ನು ಗೋಡೆಗೆ ಒಟ್ಟಿ ಹಾಸಿಗೆ ಹಾಸಿದ್ದೆವು. ಬೆಳಗ್ಗೆ ಒಂದು ಮೂಲೆಯಲ್ಲಿ ಇಬ್ಬರು ಹುಡುಗರ ಇಷ್ಟಲಿಂಗ ಪೂಜೆ, ಕರ್ನಾಟಕ ನಕಾಶೆಯ ಕೆಳಗೆ ಮೂವರ ನಮಾಜು, ಬೀದರಿನ ಮಂಗಲಪೇಟೆಯ ಕ್ರೈಸ್ತ ಹುಡುಗಿ ಚಹಾ ಕುಡಿಯುವ ಮೊದಲು ಕಣ್ಣು ಮುಚ್ಚಿ ಅರೆಗಳಿಗೆ ಸುಮ್ಮನಿರುತ್ತಿದ್ದಳು. ರೊಟ್ಟಿ ಬಡಿಯುವುದು ಹುಡುಗಿಯರ ಕೆಲಸ ಎಂದು ಹುಡುಗರು ಕೈಕಟ್ಟಿ ಕೂತರು. ಹುಡುಗಿಯರು ಹಿಟ್ಟಿನ ಬುಟ್ಟಿಯನ್ನು ಅವರ ಮುಂದೆ ಇಟ್ಟು ಹೊರಗೆ ಹೋದರು. ಆ ರಾತ್ರಿ ನಾವು ತಿಂದದ್ದಕ್ಕೆ ರೊಟ್ಟಿ ಎಂಬ ಹೆಸರು ಸಲ್ಲದು.

ಶಿಬಿರದ ನಡುವೆ ಊರಿನ ದೊಡ್ಡ ಮನೆಯಿಂದ ಮಧ್ಯಾಹ್ನದ ಊಟಕ್ಕೆ ಕರೆ ಬಂತು. ಕರೆಯ ಹಿಂದೆಯೇ ಒಬ್ಬ ಆಳು ಬಂದು ದನಿ ಇಳಿಸಿ ಹೇಳಿದ: ಕೆಲವರಿಗೆ ಪಡಸಾಲೆಯಲ್ಲಿ, ಕೆಲವರಿಗೆ ಕೊಟ್ಟಿಗೆ ಕಡೆ. ಕೆಲವರು ಹೋಗಿ ಪಡಸಾಲೆಯಲ್ಲಿ ಉಂಡು ಬಂದರು. ಉಳಿದವರು ಶಾಲೆಯಲ್ಲಿ ಚುರುಮುರಿ ತಿಂದು ಗಟಾರ ತೆಗೆಯಲು ಹೋದರು. ರಾತ್ರಿ ಜಗಳ ಹತ್ತಿಕೊಂಡಿತು. ಉಂಡು ಬಂದ ಹುಡುಗನೊಬ್ಬ, 'ನಾವು ಸೇವಾ ಮಾಡ್ಲಿಕ್ಕಿ ಬಂದೀವಿ, ಊರ ಬದಲ ಮಾಡ್ಲಿಕ್ಕಿ ಅಲ್ಲ' ಎಂದ. ಮಂಗಲಪೇಟೆಯ ಹುಡುಗಿ ಎದ್ದು ನಿಂತು, 'ನೀ ಉಂಡ ಬಂದಿ, ನಿನ್ನ ಜೋಡಿ ಸಲಿಕಿ ಹಿಡಿದಾಂವ ಉಪವಾಸ ಇದ್ದ. ಯಾರ ಸೇವಾ ಮಾಡಿದಿ ಹೇಳು' ಎಂದಳು. ಅವನು ಉತ್ತರ ಕೊಡಲಿಲ್ಲ, ಹೊದ್ದು ಮಲಗಿದ. ಮರುದಿನ ಹುಡುಗರೇ ದೊಡ್ಡ ಮನೆಗೆ ಹೇಳಿ ಕಳಿಸಿದರು, ಒಂದೇ ಪಂಕ್ತಿಯಾದರೆ ಎಲ್ಲರೂ ಬರುತ್ತೇವೆ, ಇಲ್ಲದಿದ್ದರೆ ಯಾರೂ ಇಲ್ಲ ಎಂದು. ಮತ್ತೆ ಕರೆ ಬರಲಿಲ್ಲ. ಆದರೆ ಸಂಜೆ ಆ ಮನೆಯ ಅಜ್ಜಿ ಮೊಮ್ಮಗನ ಕೈಯಲ್ಲಿ ಒಂದು ಡಬ್ಬಿ ಪುಂಡಿಪಲ್ಯ ಕಳಿಸಿದಳು. ಹೊದ್ದು ಮಲಗಿದ್ದ ಹುಡುಗನೇ ಎದ್ದು ಬಡಿಸಿದ.

ಅಷ್ಟರಲ್ಲಿ ಏಳು ದಿನ ಮುಗಿದವು. ಸಮಾರೋಪ, ಶಾಲು, ಗುಂಪು ಫೋಟೊ, ಪ್ರಮಾಣಪತ್ರ. ಆ ಹುಡುಗನಿಗೂ ಹುಡುಗಿಗೂ ಇನ್ನೂ ಮಾತು ಬಾಕಿಯಿತ್ತು. ಅಜ್ಜಿಗೂ ಊರಿಗೂ ಬಾಕಿಯಿತ್ತು. ಬಸ್ಸು ಬಂದು ನಿಂತಿತು.

ಅದಕ್ಕೇ ಆ ಯಹೂದಿ ಮನೆಯ ಮೇಲೆ ನನಗೆ ಹೊಟ್ಟೆಕಿಚ್ಚು. ಅವರಿಗೆ ಒಂದು ವರ್ಷವಿದೆ. ಜಗಳವಾಡಿ, ಮುನಿದು, ಮತ್ತೆ ಪಾತ್ರೆ ತೊಳೆಯುವ ಸರದಿಯಲ್ಲಿ ಎದುರಾಗಲು ಒಂದು ವರ್ಷ. ಧರ್ಮವನ್ನು ಅವರು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುವುದಿಲ್ಲ, ಅಡುಗೆಮನೆಗೇ ತರುತ್ತಾರೆ, ಅಲ್ಲಿ ಅದರ ಪರೀಕ್ಷೆಯಾಗುತ್ತದೆ. ಮತ್ತು ಅವರ ಮನೆಯ ಬಾಗಿಲು ತಮ್ಮವರ ಓಣಿಗೆ ತೆರೆಯುವುದಿಲ್ಲ. ಮೂರನೆಯ ಮಾತು ಮುಖ್ಯ. ಒಳಗೆ ಒಂದೇ ಧರ್ಮದವರು ಇದ್ದರೆ ಅದು ಕೋಟೆಯಾಗುವುದಿಲ್ಲವೆ ಎಂದು ಕೇಳಿದರೆ, ತಮ್ಮವರ ಓಣಿಯಲ್ಲಿದ್ದರೆ ಖಂಡಿತ ಆಗುತ್ತದೆ. ಬೇರೆಯವರ ಓಣಿಯಲ್ಲಿ ಆಗುವುದು ಕಷ್ಟ. ಅಲ್ಲಿ ನಳದ ನೀರು ಯಾವ ದಿನ ಬರುತ್ತದೆ ಎಂದು ನೆರೆಯವರನ್ನೇ ಕೇಳಬೇಕು. ಜ್ವರ ಬಂದರೆ ಅವರ ಆಟೋದಲ್ಲೇ ಬ್ರಿಮ್ಸ್ ಆಸ್ಪತ್ರೆಗೆ ಹೋಗಬೇಕು. ಕೊಡಲು ಬಂದವನು ಮೊದಲ ವಾರದಲ್ಲೇ ಬೇಡುವವನಾಗುತ್ತಾನೆ. ದಾಸೋಹದ ಅರ್ಥವನ್ನು ನಾನು ತರಗತಿಯಲ್ಲಿ ಎಷ್ಟು ಬಿಡಿಸಿ ಹೇಳಿದರೂ ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಇಂಥ ಮನೆಗಳನ್ನು ನಮ್ಮಲ್ಲಿ ಮಾಡುವುದಾದರೆ ಒಂದು ಷರತ್ತು ಹೆಚ್ಚು ಬೇಕು. ಧರ್ಮ ಒಂದಿರಲಿ, ಜಾತಿ ಒಂದಿರಕೂಡದು. ಲಿಂಗಾಯತರ ಮನೆ ಎಂದರೆ ಅದರಲ್ಲಿ ಬಣಜಿಗರು ಮಾತ್ರ ಅಲ್ಲ, ಸಮಗಾರರ ಹುಡುಗನೂ ಲಿಂಗ ಹಿಡಿದು ಕೂಡಬೇಕು. ಮುಸ್ಲಿಮರ ಮನೆಯಲ್ಲಿ ಸೈಯದನ ಜೊತೆ ಪಿಂಜಾರನ ಮಗ ಇರಬೇಕು. ಮೊದಲ ಜಗಳ ಅಲ್ಲೇ ನಡೆಯುತ್ತದೆ, ನಡೆಯಲಿ. ಮತಪ್ರಚಾರಕ್ಕೆ ಬಂದರು ಎಂಬ ಗುಮಾನಿ ಬರುತ್ತದೆ. ಬ್ಯಾನರು, ಧ್ವಜ, ಭಾಷಣ ಯಾವುದೂ ಆ ಮನೆಯಿಂದ ಹೊರಡಕೂಡದು. ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ ಎನ್ನುತ್ತೀರಿ. ನರ್ಸಿಂಗ್ ಓದಲು ಬೆಂಗಳೂರಿಗೆ, ದುಡಿಯಲು ಕೊಲ್ಲಿ ದೇಶಕ್ಕೆ ಕಳಿಸಿದವರು ಸಿದ್ದಿ ತಾಲೀಮಿಗೆ ಕಳಿಸಲಾರರೆ?

ಆದ್ದರಿಂದ ಭಾಲ್ಕಿಯ ಮಠದವರಲ್ಲಿ, ನಾನಕ ಝೀರಾದ ಪ್ರಬಂಧಕರಲ್ಲಿ, 1989ರಲ್ಲಿ ಸಣ್ಣದಾಗಿ ಹುಟ್ಟಿ ಇಂದು ದೇಶದ ತುಂಬ ಹೆಸರಾದ ಶಾಹೀನ್ ಶಿಕ್ಷಣ ಸಂಸ್ಥೆಯವರಲ್ಲಿ, ಮಂಗಲಪೇಟೆಯ ಕ್ರೈಸ್ತ ಸಭೆಯವರಲ್ಲಿ ನನ್ನ ಅರಿಕೆ ಇಷ್ಟು. ನಿಮ್ಮಲ್ಲಿ ಓದು ಮುಗಿಸಿದ ಹತ್ತು ಮಂದಿಯನ್ನು ಆರಿಸಿ ಒಂದು ವರ್ಷದ ಮಟ್ಟಿಗೆ ಬಿಟ್ಟುಕೊಡಿ. ಮಠದ ಹುಡುಗರಿಗೆ ನೂರ್ ಖಾನ್ ತಾಲೀಮಿನಲ್ಲಿ, ಶಾಹೀನಿನ ಹುಡುಗರಿಗೆ ಭಾಲ್ಕಿಯ ಲಿಂಗಾಯತ ಓಣಿಯಲ್ಲಿ, ಸಿಖ್ಖರಿಗೆ ಔರಾದದ ಮರಾಠರ ಗಲ್ಲಿಯಲ್ಲಿ ಮನೆ ಹಿಡಿಯಿರಿ. ಹಗಲು ಅವರು ಶಾಲೆ, ಆಸ್ಪತ್ರೆ, ಪಿಂಚಣಿ ಅರ್ಜಿಯ ಕೆಲಸ ಮಾಡಲಿ. ರಾತ್ರಿಯ ಅಡುಗೆ ಅವರದೇ. ಬಾಡಿಗೆಗೆ ಮನೆ ಸಿಗುವುದಿಲ್ಲ ಎಂಬ ಮಾತು ಬಂದರೆ ನನಗೆ ತಿಳಿಸಿ. ಈ ಊರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿಲ್ಲದ ಓಣಿ ಇಲ್ಲ. ಮನೆ ಹುಡುಕಿಕೊಡುತ್ತೇನೆ, ಕರಾರುಪತ್ರಕ್ಕೆ ಸಾಕ್ಷಿಯ ಸಹಿಯನ್ನೂ ಹಾಕುತ್ತೇನೆ.